ದೇವರ ಜಗಲಿಯ ಮೇಲೆ ಮಗುವಿನ ಎತ್ತು

ಮಾರ್ಚ್ 17 ಐರ್ಲೆಂಡಿನವರಿಗೆ ಸಂತ ಪ್ಯಾಟ್ರಿಕ್‌ನ ಹಬ್ಬ. ಆ ದಿನಕ್ಕೆಂದು ಮನೆಯಲ್ಲಿ ಮಕ್ಕಳಿಂದ ಮಾಡಿಸುವ ಒಂದು ಬಣ್ಣದಾಟ ಬಹಳ ಸರಳ. ದೊಣ್ಣೆಮೆಣಸಿನಕಾಯಿಯನ್ನು ಅಡ್ಡ ಕೊಯ್ದು, ಹಸಿರು ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿದರೆ ಮೂರೋ ನಾಲ್ಕೋ ಎಸಳು ಮೂಡುತ್ತವೆ. ಕೆಳಗೊಂದು ತೊಟ್ಟು ಎಳೆದರೆ ಅದೇ ಶ್ಯಾಮ್‌ರಾಕ್ ಎಲೆ. ಪ್ಯಾಟ್ರಿಕ್ ಆ ಮೂರೆಸಳಿನ ಎಲೆ ಹಿಡಿದು ತಮ್ಮ ದೇವರು ಮೂರಾಗಿಯೂ ಒಬ್ಬನೇ ಎಂದು ತಿಳಿಹೇಳಿದ ಎಂಬುದು ಅಲ್ಲಿಯ ಪ್ರತೀತಿ. ಬಿಲ್ವಪತ್ರೆಯಲ್ಲಿ ಶಿವನ ಮೂರು ಕಣ್ಣು ಕಾಣುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಈ ಆಟವನ್ನು ನಮ್ಮ ಮನೆಗಳಲ್ಲಿ ಯಾರಾದರೂ ಮಾಡಿಸಿದರೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಬಣ್ಣ ಒಣಗಿದ ಮೇಲೆ ಆ ಕಾಗದ ಎಲ್ಲಿ ಹೋಗುತ್ತದೆ? ಎರಡು ದಿನ ಗೋಡೆಯ ಮೇಲೆ, ಆಮೇಲೆ ರದ್ದಿಗೆ. ಮಗುವಿನ ಕೈಕೆಲಸಕ್ಕೆ ಬೆಲೆ ಬರುವುದು ಅದರ ಅಂದದಿಂದಲ್ಲ, ಮನೆಯಲ್ಲಿ ಅದಕ್ಕೆ ಸಿಗುವ ಜಾಗದಿಂದ ಎಂಬುದು ನನ್ನ ವಾದ. ಅಂಥ ಜಾಗವನ್ನು ಮಗುವಿಗೆಂದೇ ತೆಗೆದಿಟ್ಟ ಹಬ್ಬವೊಂದು ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಅದು ಮಣ್ಣೆತ್ತಿನ ಅಮಾವಾಸ್ಯೆ.

ಕಾರಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ ಮೆರೆಸುತ್ತಾರೆ. ಹದಿನೈದು ದಿನ ಕಳೆದು ಜ್ಯೇಷ್ಠದ ಅಮಾವಾಸ್ಯೆಗೆ ಅದೇ ಎತ್ತು ಅಂಗೈಯಷ್ಟಾಗಿ ಮನೆಯೊಳಗೆ ಬರುತ್ತದೆ. ಜೋಡೆತ್ತು, ಅವುಗಳ ಮುಂದೊಂದು ಮಣ್ಣಿನ ಗ್ವಾದಲಿ. ದೇವರ ಜಗಲಿಯ ಮೇಲಿಟ್ಟು, ಪೂಜೆ ಮಾಡಿ, ಹೋಳಿಗೆಯೋ ಕಡುಬೋ ಎಡೆ ಹಿಡಿಯುತ್ತಾರೆ. ಮುಂಗಾರು ಬಿತ್ತನೆಯ ದಿನಗಳು ಅವು. ಮಣ್ಣು ಮತ್ತು ಎತ್ತು, ಎರಡನ್ನೂ ಒಂದೇ ಮೂರ್ತಿಯಲ್ಲಿ ನೆನೆಯುವ ಜಾಣತನ ಆ ಹಬ್ಬದಲ್ಲಿದೆ. ಇದರ ಬೆನ್ನಿಗೇ ಆಷಾಢದ ಮಂಗಳವಾರಗಳ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ್ಪ, ಜೋಕುಮಾರ ಬರುತ್ತಾರೆ. ಮಳೆಗಾಲ ಮುಗಿಯುವವರೆಗೆ ಈ ಭಾಗದ ಮನೆಗಳಲ್ಲಿ ಮಣ್ಣು ಒಂದಲ್ಲ ಒಂದು ರೂಪ ತಾಳುತ್ತಲೇ ಇರುತ್ತದೆ.

ಈ ಸೀಮೆಯ ಮಣ್ಣಿನ ಗುಣವನ್ನೂ ಹೇಳಬೇಕು. ಡೋಣಿ ಹೊಳೆಯ ದಂಡೆಯ ಎರಿ, ಬಿಳಿಜೋಳಕ್ಕೆ ಹೆಸರಾದ ನೆಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಆ ಮಣ್ಣೇ ಮಗು ಮಾಡಿದ ಎತ್ತಿನ ಕುತ್ತಿಗೆಯಲ್ಲೂ ಬಿರಿಯುತ್ತದೆ. ಅದಕ್ಕೇ ಜರಡಿ ಹಿಡಿದ ಬೂದಿಯನ್ನೋ ಹರಿದ ಅರಳೆಯನ್ನೋ ಸೇರಿಸಿ, ಕೈಗೆ ಅಂಟದ ಹದಕ್ಕೆ ನಾದಿ, ಮಾಡಿದ್ದನ್ನು ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಬೇಕು. ಡುಬ್ಬ ಮೊದಲೇ ಎತ್ತಿರಬೇಕು, ಆಮೇಲೆ ಮೆತ್ತಿದರೆ ಕಳಚಿ ಬೀಳುತ್ತದೆ. ಕೋಡು ಒಣಗುವ ಮುಂಚೆ ಬಾಗಿಸಬೇಕು. ಇಷ್ಟನ್ನು ಮಗು ಪುಸ್ತಕದಿಂದ ಕಲಿಯಲಾರದು. ಎರಡು ಕುತ್ತಿಗೆ ಮುರಿದರೆ ಮೂರನೆಯದು ತಾನಾಗಿ ಗಟ್ಟಿಯಾಗುತ್ತದೆ. ಮೆಣಸಿನಕಾಯಿಯ ಅಚ್ಚು ಎಷ್ಟು ಸಲ ಒತ್ತಿದರೂ ಒಂದೇ ಎಲೆ ಕೊಡುತ್ತದೆ. ಮಣ್ಣು ಪ್ರತಿ ಸಲವೂ ಮಗುವಿನಿಂದ ಒಂದು ತೀರ್ಮಾನ ಕೇಳುತ್ತದೆ.

ಇನ್ನು ಬಣ್ಣ. ಇಲ್ಲಿ ಅಡುಗೆಮನೆಯೇ ಸಾಕು. ಅರಿಷಿಣ ಕಲಸಿ ಎತ್ತಿನ ಬೆನ್ನಿಗೆ ಬಳಿದ ಮೇಲೆ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಬೆರಳದ್ದಿ ಅದರ ಮೇಲೊಂದು ಗೆರೆ ಎಳೆಯಲು ಮಗುವಿಗೆ ಹೇಳಿ. ಹಳದಿಯ ನಡುವೆ ಆ ಗೆರೆ ಕಣ್ಣೆದುರೇ ಕೆಂಪಡರುತ್ತದೆ. ಆರತಿಯ ಓಕುಳಿ ನೀರಿನಲ್ಲಿ ಸುಣ್ಣ ಮಾಡುವ ಕೆಲಸವೂ ಇದೇ. ಆದರೆ ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಚಿಕ್ಕವರ ಕೈಗೆ ಅದು ಬೇಡ. ಬಿಳುಪಿಗೆ ಅಕ್ಕಿಹಿಟ್ಟು ಇದೆ, ಕೆಂಪಿಗೆ ಕೆಮ್ಮಣ್ಣು ಇದೆ, ಕುಂಚಕ್ಕೆ ತುದಿ ಜಜ್ಜಿದ ಬೇವಿನ ಕಡ್ಡಿ. ಕಣ್ಣಿಗೆ ಗುಲಗಂಜಿ ಇಡುವ ರೂಢಿಯುಂಟು, ನೋಡಲು ಚೆಂದವೂ ಹೌದು. ಆದರೆ ಅದು ಅಗಿದು ನುಂಗಿದರೆ ಜೀವಕ್ಕೇ ಎರವಾಗುವ ವಿಷಬೀಜ. ಕೂಸುಗಳಿರುವ ಮನೆಯಲ್ಲಿ ಜೋಳದ ಕಾಳೋ ಕುಸುಬಿಯೋ ಇಟ್ಟರೆ ಎತ್ತೇನೂ ಕುರುಡಾಗುವುದಿಲ್ಲ. ಮನೆಗೆ ಹಚ್ಚಿ ಉಳಿದ ಹಳೆಯ ಎಣ್ಣೆಬಣ್ಣದ ಡಬ್ಬಿಯನ್ನಂತೂ ಮಕ್ಕಳ ಮುಂದೆ ತೆರೆಯಲೇಬಾರದು. ಬಣ್ಣಗಳಲ್ಲಿನ ಸೀಸಕ್ಕೆ ನಮ್ಮ ದೇಶದಲ್ಲಿ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ.

ಮಗು ಮಾಡಿದ ಸೊಟ್ಟ ಎತ್ತನ್ನು ದೇವರ ಮುಂದೆ ಇಡುವುದು ಹೇಗೆ, ಪೇಟೆಯಲ್ಲಿ ಲಕ್ಷಣವಾದ ಅಚ್ಚಿನ ಎತ್ತು ಸಿಗುತ್ತದಲ್ಲ ಎಂದು ಹಿರಿಯರು ಕೇಳಬಹುದು. ಇದಕ್ಕೆ ಉತ್ತರ ಹಬ್ಬದೊಳಗೇ ಇದೆ. ಪೂಜೆಯ ಮರುದಿನ ಮಕ್ಕಳು ಕಾಲು ಮುರಿದ ಮಣ್ಣೆತ್ತನ್ನು ಸಿಂಗರಿಸಿಕೊಂಡು, ಕುಂಟೆತ್ತು ಬಂದಿದೆ ಎಂದು ಹಾಡುತ್ತ ಮನೆಮನೆಗೆ ಹೋಗಿ ಜೋಳವನ್ನೋ ರೊಕ್ಕವನ್ನೋ ಬೇಡುವ ಪದ್ಧತಿ ಈ ಕಡೆ ಇದೆ. ಕುಂಟೆತ್ತಿಗೂ ಕಾಳು ನೀಡುವ ಊರು ಸೊಟ್ಟ ಕೋಡಿಗೆ ಮುಖ ತಿರುವಲಾರದು. ಮಗುವಿನ ಕೆಲಸ ದೊಡ್ಡವರ ಪೂಜೆಯೊಳಗೆ ಸೇರುವುದು, ಓಣಿಯ ತಲೆಬಾಗಿಲುಗಳನ್ನು ತೆರೆಸುವುದು, ಇದನ್ನೇ ನಾನು ಜಾಗ ಎಂದದ್ದು. ಐರ್ಲೆಂಡಿನಲ್ಲೂ ಹಿಂದೆ ಹೀಗೇ ಇತ್ತು. ಅಲ್ಲಿಯ ಮಕ್ಕಳು ಕಾಗದದ ಮೇಲೆ ವೃತ್ತ ಕೊರೆದು ಶಿಲುಬೆ ಬರೆದು, ಮೊಟ್ಟೆಯ ಹಳದಿ, ಸೊಪ್ಪಿನ ರಸದಂಥ ಮನೆಯ ಬಣ್ಣಗಳನ್ನೇ ತುಂಬಿ, ಹಬ್ಬದ ದಿನ ಅದನ್ನು ಉಡುಪಿಗೆ ಸಿಕ್ಕಿಸಿಕೊಂಡು ಇಗರ್ಜಿಗೆ ಹೋಗುತ್ತಿದ್ದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಆ ಪದ್ಧತಿ ಕಣ್ಮರೆಯಾಯಿತು. ನಮ್ಮದು ಇನ್ನೂ ಹೋಗಿಲ್ಲ.

ಕುಂಬಾರರ ಗತಿ ಏನು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಮಣ್ಣೆತ್ತು ತಂದುಕೊಟ್ಟು ಜೋಳ ಒಯ್ಯುತ್ತಿದ್ದ ಮನೆತನಗಳಿಗೆ ಈ ಹಬ್ಬ ಕೂಳಿನ ದಾರಿಯಾಗಿತ್ತು. ಇಂದು ಪೇಟೆಯಲ್ಲಿ ಮಾರುವವರಿಗೂ ವರ್ಷದ ಕೆಲವೇ ದಿನಗಳ ಆದಾಯ ಇದು. ಮಕ್ಕಳೇ ಎತ್ತು ಮಾಡಿದರೆ ಅವರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ? ನನಗೆ ಹಾಗೆ ತೋರುವುದಿಲ್ಲ. ಕುಂಬಾರರ ವ್ಯಾಪಾರ ಕೆಡಿಸುವುದು ಮಗುವಿನ ಕುಂಟೆತ್ತಲ್ಲ, ನೀರಿನಲ್ಲಿ ಕರಗದ ಪ್ಲಾಸ್ಟರ್ ಆಫ್ ಪ್ಯಾರಿಸ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಅದರ ಮೂರ್ತಿಗಳು ಬೇಡವೆಂದು ಹೇಳಿದೆ. ಒಂದು ಕುತ್ತಿಗೆ ನಿಲ್ಲಿಸಲು ಹೆಣಗಿದ ಮಗುವಿಗೆ ಕುಂಬಾರರ ಕೈಚಳಕದ ಬೆಲೆ ಗೊತ್ತಾಗುತ್ತದೆ. ನಾಳೆ ದೊಡ್ಡದಾಗಿ ಮಣ್ಣಿನದನ್ನೇ ಕೇಳಿ ಕೊಳ್ಳುವ ಗಿರಾಕಿ ಅದೇ.

ನಗರದ ಮನೆಯಲ್ಲಿ ಮಣ್ಣೆಲ್ಲಿ, ಟ್ರ್ಯಾಕ್ಟರ್ ಕಾಲದಲ್ಲಿ ಎತ್ತೆಲ್ಲಿ ಎನ್ನುವವರೂ ಇದ್ದಾರೆ. ಮಣ್ಣಿಗೆ ದೂರ ಹೋಗಬೇಕಿಲ್ಲ, ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೊರಟರೆ ರಸ್ತೆಯ ಎರಡೂ ಬದಿ ಹೊಲವೇ. ಎತ್ತಿನ ಮಾತು ಮಾತ್ರ ನಿಜ. ದ್ರಾಕ್ಷಿ ತೋಟಗಳ ನಡುವೆ ಬೆಳೆಯುವ ಮಕ್ಕಳಲ್ಲೂ ಹೂಡಿದ ಜೋಡಿಯನ್ನು ಕಾಣದವರಿದ್ದಾರು. ಹಾಗಿದ್ದರೆ ಎತ್ತಿಗೆ ಡುಬ್ಬ ಎಲ್ಲಿರುತ್ತದೆ, ಕೋಡು ಯಾವ ಕಡೆ ಬಾಗುತ್ತದೆ, ನೊಗ ಎಲ್ಲಿ ಕೂರುತ್ತದೆ ಎಂದು ಆ ಮಗು ಕೇಳಲೇಬೇಕಾಗುತ್ತದೆ. ಹೇಳಬಲ್ಲ ಅಜ್ಜ ಇನ್ನೂ ಮನೆಯಲ್ಲಿದ್ದಾನೆ. ಹತ್ತು ವರ್ಷ ಬಿಟ್ಟು ಕೇಳಿದರೆ ಹೇಳುವವರು ಇರಲಿಕ್ಕಿಲ್ಲ.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಹತ್ತಿರ ಜೋಡೆತ್ತು ಕೊಳ್ಳುವಾಗ, ರೊಕ್ಕ ಕೊಟ್ಟೇ, ಒಂದು ಹಿಡಿ ಹಸಿಮಣ್ಣನ್ನೂ ಕೇಳಿ ತನ್ನಿ. ಮಗು ಮಾಡಿದ್ದನ್ನು ತಿದ್ದಬೇಡಿ. ಕೊಂಡು ತಂದ ಜೋಡಿಯ ಪಕ್ಕದಲ್ಲೇ, ಅದೇ ಜಗಲಿಯ ಮೇಲೆ ಇಡಿ.