ಉಳಿದರ್ಧ

ಹನ್ನೊಂದನೆಯ ತರಗತಿಯ ಮಗಳು ಮೊನ್ನೆ ಒಂದು ಲೆಕ್ಕ ಹಿಡಿದು ಬಂದಳು. 20 ಟನ್ ತೂಕದ ವ್ಯಾಗನ್ನೊಂದು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದು, ನಿಂತಿರುವ ಅಷ್ಟೇ ತೂಕದ ಇನ್ನೊಂದಕ್ಕೆ ತಾಗಿ ಕೂಡಿಕೊಳ್ಳುತ್ತದೆ. ಜೋಡಿಯ ವೇಗ 1 ಮೀಟರ್. ತೂಕ ಇಮ್ಮಡಿಯಾಯಿತು, ವೇಗ ಅರ್ಧವಾಯಿತು. ಸಂವೇಗ ಎಳ್ಳಷ್ಟೂ ಕುಂದಲಿಲ್ಲ. ಆದರೆ ಚಲನಶಕ್ತಿ 40,000 ಜೂಲ್‌ಗಳಿಂದ 20,000ಕ್ಕೆ ಇಳಿದಿತ್ತು.

"ಉಳಿದರ್ಧ ಎಲ್ಲಿ ಹೋಯ್ತಮ್ಮ?"

ಅಸ್ಥಿತಿಸ್ಥಾಪಕ ಸಂಘಟ್ಟನೆ ಎಂಬ ನಾಲಿಗೆ ತೊಡರುವ ಹೆಸರನ್ನು ನಾನು ಶಾಲೆಯಲ್ಲಿ ಕಲಿತೆ. ಅದರ ಸದ್ದನ್ನು ಅದಕ್ಕೂ ಮುಂಚೆಯೇ ಕೇಳಿದ್ದೆ. ಅಪ್ಪ ಸರಕುಬಂಡಿಗಳ ಯಾರ್ಡಿನಲ್ಲಿ ಶಂಟಿಂಗ್ ಕೆಲಸದವರು. ಬುತ್ತಿ ಕೊಡಲು ಹೋದಾಗಲೆಲ್ಲ ವ್ಯಾಗನ್ನುಗಳು ಧಡಾರನೆ ಕೂಡುತ್ತಿದ್ದವು. ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಅಪ್ಪ ನಗುತ್ತಿದ್ದರು. ನಿಂತದ್ದು ಸರಕು ತುಂಬಿದ 80 ಟನ್ನಿನ ವ್ಯಾಗನ್ನಾದರೆ ಕಳೆದುಹೋಗುವುದು ಅರ್ಧವಲ್ಲ, ಐದರಲ್ಲಿ ನಾಲ್ಕು ಪಾಲು. ಅದರಲ್ಲಿ ಬಹುಭಾಗ ಬಫರು, ಕಪ್ಲಿಂಗುಗಳ ತಿಕ್ಕಾಟದಲ್ಲಿ ಕಾವಾಗಿ ಕರಗುತ್ತದೆ. ಸದ್ದಿಗೆ ಸಲ್ಲುವುದು ತೀರ ಅಲ್ಪ. ಲೆಕ್ಕ ಬಿಡಿಸುವವರು ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ಆ ಅಲ್ಪದ ಪಕ್ಕದಲ್ಲಿ ಅಪ್ಪ ಮೂವತ್ತು ವರ್ಷ ನಿಂತಿದ್ದರು.

ಇದನ್ನು ಮಗಳಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. "ಅಜ್ಜನನ್ನೇ ಕೇಳು" ಎಂದೆ. ಈಗ ಪುಣೆಯಲ್ಲಿ ನಮ್ಮೊಡನೆಯೇ ಇರುವ ಅವರು ಬಾಲ್ಕನಿಯಲ್ಲಿ ಪತ್ರಿಕೆ ಓದುತ್ತಿದ್ದರು. ಅವಳು ಪುಸ್ತಕ ಎತ್ತಿಕೊಂಡು ಹೋಗಿ, ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಪ್ಪ ಪತ್ರಿಕೆ ಮಡಚಿ, ಬಲಗಿವಿಗೆ ಕೈ ಆನಿಸಿ ಅವಳತ್ತ ಬಾಗಿದರು.

"ಏನಂದೀ ತಂಗೀ? ಸ್ವಲ್ಪ ಜೋರಾಗಿ ಹೇಳು."