ಎರಡು ಸೀಟಿನ ಆಸೆ, ಬ್ರೇಕಿನ ಲೆಕ್ಕ

ಸ್ಪೋರ್ಟ್ಸ್ ಕಾರು ಎಂದರೆ ಕೋಲಾರ ಜಿಲ್ಲೆಯಲ್ಲಿ ಅದು ಹಾಸ್ಟೆಲಿನ ಗೋಡೆಗೆ ಅಂಟಿಸುವ ಚಿತ್ರ. ಆ ಚಿತ್ರ ಗೋಡೆಯಿಂದಿಳಿದು ಮನೆ ಮುಂದೆ ಬಂದು ನಿಲ್ಲಬೇಕೆಂದು ಮಗ ಹಟ ಹಿಡಿದರೆ ಹೆತ್ತವರು ಮೊದಲು ವಿಚಾರಿಸುವುದು ಬೆಲೆಯನ್ನಲ್ಲ, ಸೀಟುಗಳನ್ನು. ಬಂಗಾರಪೇಟೆಯ ಒಂದು ಮನೆಯಲ್ಲೂ ಹಾಗೇ ಆಯಿತು. ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು ನಾಲ್ಕು ಲಕ್ಷ ಕೂಡಿಟ್ಟಿದ್ದ ಮಗ, "ಎರಡೇ ಸೀಟಿದ್ರೂ ಸಾಕಪ್ಪ, ಓಡಿಸೋದ್ರಲ್ಲಿ ಮಜಾ ಇರ್ಬೇಕು" ಎಂದ. "ಹಾಗಾದ್ರೆ ನಾನೆಲ್ಲಿ ಕೂರ್ಲಿ, ಡಿಕ್ಕಿಯಲ್ಲಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದರು.

ಅಪ್ಪ ಏನೂ ಹೇಳಲಿಲ್ಲ. ಅವರು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸಿದವರು. ಕಾರ್ಮಿಕರು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ನೆಲದೊಳಕ್ಕೆ ಇಳಿಸುವುದು, ಪಾಳಿ ಮುಗಿದ ಮೇಲೆ ಎತ್ತುವುದು ಅವರ ಕೆಲಸ. ಚಾಂಪಿಯನ್ ರೀಫ್ ಗಣಿಯ ತಳ 3 ಕಿಲೋಮೀಟರಿಗೂ ಆಳ. ಒಂದೇ ಓಟದಲ್ಲಲ್ಲ, ಹಂತ ಹಂತವಾಗಿ ಇಳಿಯಬೇಕು. ಯಂತ್ರ ನಡೆಸುವವನಿಗೆ ಕೇಜು ಕಾಣುವುದಿಲ್ಲ. ಗಂಟೆಯ ಸಂಕೇತ, ಆಳ ತೋರಿಸುವ ಮುಳ್ಳು, ಕೈಯಲ್ಲಿರುವ ಬ್ರೇಕು, ಇಷ್ಟೇ ಅವನ ಪ್ರಪಂಚ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರೂ ಸಾವಿರಾರು ಜನರಂತೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಬಂದರು. ಯಾವ ಯಂತ್ರ ಕಂಡರೂ "ಇದು ಎಷ್ಟು ಜೋರಾಗಿ ಓಡುತ್ತೆ?" ಎನ್ನುವ ಬದಲು "ಎಷ್ಟರಲ್ಲಿ ನಿಲ್ಲುತ್ತೆ?" ಎಂದು ಕೇಳುವ ಅಭ್ಯಾಸ ಮಾತ್ರ ಹೋಗಲಿಲ್ಲ.

ಮಗನ ಆಸೆ ತೀರಾ ಗಾಳಿಗೋಪುರವೇನೂ ಅಲ್ಲ. ಸಾಮಾನ್ಯ ಜನರಿಗೂ ಎಟುಕುವ ಎರಡು ಸೀಟಿನ ಕಾರು ಪರದೇಶಗಳಲ್ಲಿ ಇದೆ. 1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ತಂದ ಮಿಯಾಟಾ 2016ರ ಹೊತ್ತಿಗೆ ಹತ್ತು ಲಕ್ಷದ ಗಡಿ ದಾಟಿತು. ಅದರ ಎಂಜಿನ್ ಭಾರಿಯದೇನಲ್ಲ. ಕಾರಿನ ತೂಕ ಕಡಿಮೆ, ಅಷ್ಟೇ ಗುಟ್ಟು. ಅದು ಭಾರತದ ಅಂಗಡಿಗೆ ಬರಲೇ ಇಲ್ಲ. ಇಲ್ಲಿಯೂ ಪ್ರಯತ್ನಗಳು ನಡೆದಿದ್ದವು. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಫೈಬರ್‌ಗ್ಲಾಸ್ ಮೈಯ, 848 ಸಿ.ಸಿ. ಎಂಜಿನ್ನಿನ ಡಾಲ್ಫಿನ್ ತಂದಿತು. ಸಂಸಾರಸ್ಥರು ಮೂಗು ಮುರಿದರು, ರೇಸು-ರ‍್ಯಾಲಿಯವರು ಮುದ್ದು ಮಾಡಿದರು. ಮರುವರ್ಷ ಮಾರುತಿ 800 ಬಂದ ಮೇಲೆ ಅದರ ಕಾಲ ಮುಗಿಯತೊಡಗಿತು. 1998ರಲ್ಲಿ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ಬಂತು. ನೋಡಿದವರು ಬಹಳ, ಕೊಂಡವರು ಕೆಲವರು. ಈಗ ಒಂದು ಸಿಕ್ಕರೂ ಅದರ ಬಿಡಿಭಾಗಕ್ಕೆ ಊರೂರು ಅಲೆಯಬೇಕು.

ಹಾಗಾಗಿ ಮಗನ ಪಟ್ಟಿಯಲ್ಲಿ ಉಳಿದವು ಸಂಸಾರದ ಕಾರುಗಳೇ. ಮಾರುತಿ ಜೆನ್, 993 ಸಿ.ಸಿ., ತೂಕ ಏಳುನೂರ ಚಿಲ್ಲರೆ ಕೆ.ಜಿ. ತಿರುವಿನಲ್ಲಿ ಆಡಿನ ಮರಿಯ ಹಾಗೆ ನುಗ್ಗುತ್ತದೆ. ಎಸ್ಟೀಮ್, 1298 ಸಿ.ಸಿ., ಎಂಪಿಎಫ್‌ಐ ಎಂಜಿನ್ನಿನದಾದರೆ 85 ಕುದುರೆಶಕ್ತಿ, ತೂಕ 900 ಕೆ.ಜಿ.ಯ ಒಳಗೆ. ದೇಶದ ರೇಸುಗಳಲ್ಲಿ ವರ್ಷಗಟ್ಟಲೆ ಓಡಿದ ಕಾರು ಅದು. 2007ಕ್ಕೆ ತಯಾರಿಕೆ ನಿಂತಿದ್ದರಿಂದ ಯಾವ ಎಸ್ಟೀಮ್ ಕೊಂಡರೂ 15 ವರ್ಷ ದಾಟಿದ್ದೇ. ಆರ್‌ಟಿಓದಲ್ಲಿ ನೋಂದಣಿ ನವೀಕರಿಸಿರಬೇಕು, ತಳದ ತಗಡಿಗೆ ತುಕ್ಕು ಹಿಡಿದಿರಬಾರದು. ಸ್ವಿಫ್ಟ್ ಇವೆರಡಕ್ಕಿಂತ ಗಟ್ಟಿ, ತೂಕವೂ ಜಾಸ್ತಿ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಗೆ 105 ಕುದುರೆಶಕ್ತಿ, ಹೆದ್ದಾರಿಯಲ್ಲಿ ಬಂಡೆಯಂತೆ ನಿಲ್ಲುತ್ತದೆ. ಆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟರೆ ಬರುವ ಬಿಲ್ಲಿನಲ್ಲಿ ಒಂದು ಹಳೇ ಜೆನ್ ಕೊಳ್ಳಬಹುದು. ಮಗನ ಮನಸ್ಸಿದ್ದದ್ದು ಪೋಲೊ ಮೇಲೆ.

ಗೆಳೆಯರ ಓಟೂ ಪೋಲೊಗೇ. ಬಜಾರಿನ ಪಾನಿಪುರಿ ಗಾಡಿಯ ಮುಂದೆ ಸಂಜೆ ಏಳಕ್ಕೆ ಶುರುವಾದ ಚರ್ಚೆ, ಬಂಗಾರಪೇಟೆಯ ಆ ತಿಳಿನೀರಿನ ಪಾನಿ ಖಾಲಿಯಾದರೂ ಮುಗಿಯುತ್ತಿರಲಿಲ್ಲ. ಚರ್ಚೆಗೆ ಕಿಚ್ಚು ಹಚ್ಚಿದ್ದು ಹೊಸ ರಸ್ತೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ 262 ಕಿಲೋಮೀಟರಿನಲ್ಲಿ ಕರ್ನಾಟಕದ ಸುಮಾರು 71 ಕಿಲೋಮೀಟರ್ 2024ರ ಕೊನೆಗೆ ಓಡಾಟಕ್ಕೆ ತೆರೆದುಕೊಂಡಿತು, ಅದೂ ಬಂಗಾರಪೇಟೆ ತಾಲ್ಲೂಕಿನ ಮೂಲಕವೇ. ನೇರ, ಅಗಲ, ರಾತ್ರಿ ಹತ್ತರ ಮೇಲೆ ಖಾಲಿ. ಕಾರಿನ 'ಟಾಪ್' ನೋಡಲು ಇನ್ನೇನು ಬೇಕು? ಗುಂಪಿನ ಒಬ್ಬ ನೋಡಿದ. ಮುಂದೆ ಲಾರಿಯೊಂದು ದೀಪವಿಲ್ಲದೆ ನಿಂತಿತ್ತು. ತಪ್ಪಿಸಲು ಹೋಗಿ ಕಾರು ಡಿವೈಡರಿಗೆ ಒರಗಿತು. ಜೀವ ಉಳಿಯಿತು, ತೊಡೆಗೆ ರಾಡು ಬಂತು, ಪದವಿಯ ಒಂದು ವರ್ಷ ಹೋಯಿತು.

ಆ ಭಾನುವಾರ ಅಪ್ಪ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಣಗಿದ ರಸ್ತೆ, ಒಳ್ಳೆಯ ಟೈರು. ಗಂಟೆಗೆ 60 ಕಿಲೋಮೀಟರಿನಲ್ಲಿ ಬ್ರೇಕು ಒತ್ತಿದ ಮೇಲೆ ಕಾರು ನಿಲ್ಲಲು ಸುಮಾರು 18 ಮೀಟರು. 120ರಲ್ಲಿ? "36" ಎಂದ ಮಗ, ಎಂಜಿನಿಯರಿಂಗ್ ಪದವೀಧರ. ಅಪ್ಪ 72 ಎಂದು ಬರೆದರು. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು. ಲಾರಿ ಕಂಡು ಕಾಲು ಬ್ರೇಕಿನ ಮೇಲೆ ಬರುವ ಒಂದು ಸೆಕೆಂಡಿನಲ್ಲಿ ಕಾರು 33 ಮೀಟರು ಹೋಗಿರುತ್ತದೆ. ಒಟ್ಟು 105. ಡಿಮ್ ಲೈಟಿನಲ್ಲಿ ಅಷ್ಟು ದೂರ ಕಣ್ಣೇ ಹೋಗುವುದಿಲ್ಲ. "ಕೇಜು ಕಾಣದೇ ಇದ್ರೂ ಎಲ್ಲಿದೆ ಅಂತ ನಂಗೆ ಗೊತ್ತಿತ್ತು ಕಣೋ. ನಿಮಗೆ ರಸ್ತೆ ಕಾಣುತ್ತೆ, ಅದರ ಮೇಲೇನಿದೆ ಅಂತ ಗೊತ್ತಿಲ್ಲ" ಎಂದರು.

ಬೇಡ ಎಂದು ಹೇಳಿ ಎದ್ದು ಹೋಗಿದ್ದರೆ ಅಪ್ಪಂದಿರಲ್ಲಿ ಅವರೂ ಒಬ್ಬರಾಗುತ್ತಿದ್ದರು. ಬದಲಿಗೆ, "ಇದಕ್ಕೇ ಅಂತ ಒಂದು ಜಾಗ ಇರುತ್ತಲ್ಲ, ಅದೆಲ್ಲಿದೆ?" ಎಂದು ಕೇಳಿದರು.

ಜಾಗ ಅದೇ ಚೆನ್ನೈ ದಾರಿಯಲ್ಲಿದೆ, ಸುಮಾರು 200 ಕಿಲೋಮೀಟರ್ ಮುಂದೆ. ಮದ್ರಾಸಿನ ರೇಸುಗಳು ಮೊದಲು ನಡೆಯುತ್ತಿದ್ದುದು ಶೋಲಾವರಂನ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿ 3.7 ಕಿಲೋಮೀಟರಿನ ಟ್ರ್ಯಾಕು ಸಿದ್ಧವಾಯಿತು. ಮುಂದೆ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದು ಇಲ್ಲೇ, 'ಫಾರ್ಮುಲಾ ಮಾರುತಿ' ಕಾರಿನಲ್ಲಿ. ಅದರೊಳಗಿದ್ದದ್ದು ಮೇಷ್ಟರು ಶಾಲೆಗೆ ಓಡಿಸಿಕೊಂಡು ಹೋಗುವ ಮಾರುತಿ 800ರ ಎಂಜಿನ್. ಹುಡುಗರ ಕಣ್ಣಿಗೆ ಬೀಳಬೇಕಾದ ಸಂಗತಿ ಇದು, ಕುದುರೆಶಕ್ತಿಯ ಅಂಕಿಯಲ್ಲ.

ಟ್ರ್ಯಾಕ್ ದಿನವೆಂದರೆ ಶುಲ್ಕ ಕಟ್ಟಿ ಸ್ವಂತ ಕಾರನ್ನು ಅಲ್ಲಿ ಓಡಿಸುವುದು. ಎದುರಿನಿಂದ ಯಾರೂ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ತಿರುವಿನಲ್ಲಿ ಬಾವುಟ ಹಿಡಿದವರಿರುತ್ತಾರೆ. ಹೆಲ್ಮೆಟ್ ಬೇಕು. ಬ್ಯಾಟರಿ ಬಿಗಿಯಾಗಿದೆಯೇ, ಎಣ್ಣೆ ಸೋರುತ್ತಿದೆಯೇ ಎಂದು ಮೊದಲು ನೋಡಬೇಕು. ಹೆತ್ತವರು ತಿಳಿದಿರಬೇಕಾದ್ದು ಇನ್ನೊಂದಿದೆ: ಮಾಮೂಲಿ ವಾಹನ ವಿಮೆ ರೇಸಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ, ಅಲ್ಲಿ ಗುದ್ದಿದರೆ ಖರ್ಚು ಮನೆಯದೇ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಮೋಟಾರು ವಾಹನ ಕಾಯಿದೆಯ 189ನೇ ಕಲಂ ಪ್ರಕಾರ ಜೈಲೂ ಆಗಬಹುದು.

ಗುದ್ದಿದರೆ ಸ್ವಂತ ಖರ್ಚು ಎಂದಾದ ಮೇಲೆ ಪೋಲೊ ತಾನಾಗಿಯೇ ಪಟ್ಟಿಯಿಂದ ಇಳಿಯಿತು. ಕೊಂಡದ್ದು ಎಸ್ಟೀಮ್, ಒಂದೂಕಾಲು ಲಕ್ಷಕ್ಕೆ. ಐದು ಸೀಟು, ಅಮ್ಮ ಗೆದ್ದರು. ಉಳಿದ ಹಣದಲ್ಲಿ ಜೆ.ಸಿ. ರಸ್ತೆಯಿಂದ ಬ್ರೇಕ್ ಪ್ಯಾಡು, ಬುಷ್ಷು, ನಾಲ್ಕು ಹೊಸ ಟೈರು ಬಂದವು. ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ದೊಡ್ಡ ಸದ್ದಿನ ಸೈಲೆನ್ಸರ್ ಹಾಕೋಣವೆಂದ. ಅಪ್ಪ ಬೇಡವೆಂದರು. ಸದ್ದಿಗೆ ದುಡ್ಡು ಕೊಡುವುದು ದೀಪಾವಳಿಗೆ ಮಾತ್ರ ಎಂಬುದು ಅವರ ವಾದ.

ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳಲ್ಲಿ ಎಲ್ಲರೂ ಮಗನನ್ನು ಹಿಂದಿಕ್ಕಿ ಹೋದರು. ನೇರ ದಾರಿಯಲ್ಲಿ ಎಸ್ಟೀಮ್ ಯಾರಿಗೂ ಲೆಕ್ಕಕ್ಕಿಲ್ಲ. ನಾಲ್ಕನೇ ಸುತ್ತಿಗೆ ತಿರುವುಗಳು ಪರಿಚಯವಾದವು: ಎಲ್ಲಿ ಬ್ರೇಕು, ಎಲ್ಲಿ ಮೂರನೇ ಗೇರು, ಎಲ್ಲಿ ಹಿಂದಿನ ಚಕ್ರ ಸ್ವಲ್ಪವೇ ಜಾರಿ ಮತ್ತೆ ನೆಲ ಹಿಡಿಯುತ್ತದೆ. ಎರಡರಷ್ಟು ಶಕ್ತಿಯ ಒಂದು ದಪ್ಪ ಕಾರನ್ನು ತಿರುವಿನಲ್ಲಿ ಮುಟ್ಟಿಯೇಬಿಟ್ಟ. ಆರನೇ ಸುತ್ತಿಗೆ ಬ್ರೇಕ್ ಪೆಡಲು ಸ್ಪಂಜಿನ ಹಾಗೆ ಒಳಗೆ ಹೋಯಿತು. ನಿಧಾನವಾಗಿ ಒಳಗೆ ಬಂದು ನಿಲ್ಲಿಸಿದ. ಅಪ್ಪ ಮುಂದಿನ ಚಕ್ರದ ಬಳಿ ಬಗ್ಗಿ ಮೂಸಿ ನೋಡಿದರು.

"ಪ್ಯಾಡು ಹಾಕಿಸಿದೆ, ಸರಿ. ಬ್ರೇಕ್ ಎಣ್ಣೆ ಬದಲಾಯಿಸಿದೆಯೇನೋ?"

ಬದಲಾಯಿಸಿರಲಿಲ್ಲ. ಹಳೆಯ ಎಣ್ಣೆ ತೇವ ಹೀರಿರುತ್ತದೆ, ಕಾದರೆ ಕುದಿಯುತ್ತದೆ. ಅರ್ಧ ದಿನ ಆರಲು ಬಿಟ್ಟು, ಅಲ್ಲಿಯೇ ಹೊಸ ಎಣ್ಣೆ ಹಾಕಿಸಿ, ಸಂಜೆ ಹೊರಟರು. ರಾಣಿಪೇಟೆ ದಾಟುವ ಹೊತ್ತಿಗೆ ಕತ್ತಲಾಗಿತ್ತು, ರಸ್ತೆ ಖಾಲಿಯಿತ್ತು. ಮುಳ್ಳು 80ರ ಮೇಲೇರಲಿಲ್ಲ. ಪಕ್ಕದ ಸೀಟಿನಲ್ಲಿ ಅಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದರು.