ಬೇಕೆಂದೇ ಸೋಲುವ ಯಂತ್ರ

ಕಡಬದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಚದುರಂಗ ಹೂಡುವುದು ನಾನು ಹುಡುಗನಾಗಿದ್ದಾಗಿನಿಂದ ನಡೆದುಬಂದದ್ದು. ಅಪ್ಪ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬಂದು, ಕಾಲು ತೊಳೆದು ಕೂತರೆಂದರೆ ಎದುರಿಗೆ ಯಾರಾದರೂ ಇರಲೇಬೇಕು. ಮೊದಲು ನಾನಿದ್ದೆ. ಈಗ ಏಳನೇ ತರಗತಿಯ ನನ್ನ ಮಗ.

ಹೋದ ಬೇಸಿಗೆ ರಜೆಯಲ್ಲಿ ಮಗನ ಹಟಕ್ಕೆ ಮನೆಯ ಹಳೇ ಕಂಪ್ಯೂಟರಿಗೆ ಸ್ಟಾಕ್‌ಫಿಶ್ ಹಾಕಿದೆ. 2008ರಲ್ಲಿ ಹುಟ್ಟಿದ, ಪುಕ್ಕಟೆ ಸಿಗುವ ಚದುರಂಗದ ತಂತ್ರಾಂಶ; ಒಮ್ಮೆ ಇಳಿಸಿಕೊಂಡರೆ ಆಡಲು ಇಂಟರ್‌ನೆಟ್ ಕೂಡ ಬೇಡ. ಮೊದಲು ಇಳಿಸಿದ್ದು ತೆರೆಯಲೇ ಇಲ್ಲ, ಅದು ಹೊಸ ಪ್ರೊಸೆಸರುಗಳಿಗೆಂದು ಮಾಡಿದ್ದಂತೆ. ಹಳೆಯದಕ್ಕೆ ಒಗ್ಗುವುದನ್ನು ಹುಡುಕಿ ಹಾಕಿದರೆ ಬರೀ ಕಪ್ಪು ಪರದೆ! ಸ್ಟಾಕ್‌ಫಿಶ್ ಎನ್ನುವುದು ಮಿದುಳು ಮಾತ್ರ, ಮಣೆ ಮತ್ತು ಕಾಯಿ ತೋರಿಸಲು ಅರೀನಾದಂಥ ಇನ್ನೊಂದು ತಂತ್ರಾಂಶ ಬೇಕೆಂದು ತಿಳಿಯುವಷ್ಟರಲ್ಲಿ ಒಂದು ಭಾನುವಾರ ಕಳೆದಿತ್ತು.

1997ರಲ್ಲಿ ಕ್ಯಾಸ್ಪರೋವ್‌ರನ್ನು ಸೋಲಿಸಿದ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕುತ್ತಿತ್ತು. ನಮ್ಮ ಕಂಪ್ಯೂಟರ್ ಆ ವೇಗದ ಹತ್ತಿರಕ್ಕೂ ಬಾರದು. ಆದರೆ ಯಾವ ನಡೆಯನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆ ಇಂದಿನ ತಂತ್ರಾಂಶಗಳಿಗೆ ಎಷ್ಟೋ ಹೆಚ್ಚು.

ಅಪ್ಪನಿಗೂ ಅದಕ್ಕೂ ಮೊದಲ ಜಗಳ ನಿಯಮದ ಮೇಲೆ. ನಮ್ಮ ಕಡೆಯ ಹಳೇ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಚೆಕ್ ಬೀಳದ ರಾಜ ಒಮ್ಮೆ ಕುದುರೆಯ ಹಾಗೆ ಹಾರಬಹುದು. ಅಪ್ಪ ರಾಜನನ್ನು ಹಾರಿಸಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. “ಇದಕ್ಕೆ ಆಟಾನೇ ಬರಲ್ಲ” ಎಂದರು. ಆಮೇಲೆ ಹದಿನೈದು ನಡೆಯೊಳಗೆ ಸೋತರು. ಮತ್ತೆ ಸೋತರು.

ಮಗನಿಗೆ ಪಾಪ ಎನ್ನಿಸಿರಬೇಕು. ಆಟದ ಮಟ್ಟವನ್ನು ಯಾರಿಗೂ ಹೇಳದೆ 20ರಿಂದ ಸೊನ್ನೆಗೆ ಇಳಿಸಿಬಿಟ್ಟ. ಮಾರನೆಯ ದಿನ ಅಪ್ಪ ಗೆದ್ದರು. ಇನ್ನೊಂದು ಆಟವನ್ನೂ ಗೆದ್ದರು. ಮೂರನೆಯದರ ನಡುವೆ ಮೌಸ್ ಪಕ್ಕಕ್ಕಿಟ್ಟರು.

“ಇದು ಬೇಕಂತಲೇ ಸೋಲ್ತಾ ಐತೆ ಕಣೋ. ನಾನಾಡಲ್ಲ.”

ಅವರು ಹೇಳಿದ್ದು ನಿಜ. ಮಟ್ಟ ಇಳಿಸಿದಾಗ ಅದು ನಮ್ಮ ಹಾಗೆ ಮರೆತು ತಪ್ಪುವುದಿಲ್ಲ. ಒಳ್ಳೆಯ ನಡೆ ಕಂಡಿದ್ದರೂ ಆಗಾಗ ಕೆಟ್ಟದ್ದನ್ನು ಆರಿಸುತ್ತದೆ. ಹತ್ತು ನಡೆ ಪಂಡಿತನಂತೆ ಆಡಿ, ಇದ್ದಕ್ಕಿದ್ದಂತೆ ಒಂಟೆಯನ್ನು ಸುಮ್ಮನೆ ಕೊಟ್ಟುಬಿಡುತ್ತದೆ. ಐವತ್ತು ವರ್ಷ ಮನುಷ್ಯರ ತಪ್ಪುಗಳನ್ನೇ ಕಾದು ಗೆದ್ದವರಿಗೆ ಇದು ತಿಳಿಯದಿರುತ್ತದೆಯೇ?

ಮಗ ಪರದೆಯನ್ನೇ ನೋಡುತ್ತ ಕೇಳಿದ: “ತಾತ, ನೀನೂ ನಂಗೆ ಬೇಕಂತ ಸೋತಿದ್ದೀಯಾ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾಲ್ಕನೇ ಕ್ಲಾಸಿನ ತನಕ” ಎಂದರು.

ಎರಡು ಸಂಜೆ ಹುಡುಗ ಜಗಲಿಗೆ ಬರಲಿಲ್ಲ. ಅಪ್ಪ ಒಬ್ಬರೇ ಕಾಯಿ ಹೂಡಿ, ಎರಡೂ ಕಡೆ ಆಡಿ, ಎತ್ತಿಟ್ಟರು. ನಾನು ಕೂರಲೇ ಎಂದರೆ ಬೇಡವೆಂದರು. ಮೂರನೆಯ ದಿನ ಕರೆಂಟ್ ಇರಲಿಲ್ಲ. ಮಗ ಬಂದು ಕೂತು, “ನಿನ್ನ ನಿಯಮದಲ್ಲೇ ಆಡೋಣ, ಆದ್ರೆ ಬಿಟ್ಟುಕೊಡಂಗಿಲ್ಲ” ಎಂದ. ಅಂದು ಸೋತ, ಮರುದಿನವೂ ಸೋತ, ಆ ವಾರವೆಲ್ಲ ಸೋತ. ಅಪ್ಪನ ರಾಜ ಎರಡು ಸಲ ಕುದುರೆಯಂತೆ ಹಾರಿದ.

ನನಗೆ ಅಪ್ಪ ಎಷ್ಟನೇ ಕ್ಲಾಸಿನ ತನಕ ಬಿಟ್ಟುಕೊಟ್ಟಿದ್ದರೋ! ಇನ್ನೂ ಕೇಳಿಲ್ಲ.